ಮೊದಲ ಬಾರಿ ಬೆಳೆ ಸಾಲ ಕೇಳುವ ರೈತರಿಗೆ: ಚರಿತ್ರೆ ಇಲ್ಲವೆಂದು ಕೈಚೆಲ್ಲಬೇಡಿ

ಮುಂಗಾರು ಮಳೆ ಬಿದ್ದು ಹೊಲ ಹದಕ್ಕೆ ಬಂದ ಮೇಲೆ ಬಿತ್ತನೆಗೆ ಸಿಗುವ ದಿನಗಳು ಬಹಳ ಕಡಿಮೆ. ಅದರಲ್ಲಿಯೂ ಕೂಡ್ಲಿಗಿ, ಕೊಟ್ಟೂರು ಕಡೆಯ ಮಸಾರಿ ಭೂಮಿಯಲ್ಲಿ ತೇವ ಬೇಗನೆ ಆರಿಹೋಗುತ್ತದೆ. ಹದ ತಪ್ಪಿದರೆ ಮುಂದಿನ ಮಳೆಗೆ ಕಾಯಬೇಕು. ಅಂಥ ದಿನಗಳಲ್ಲಿ ರೈತನ ಕೈಯಲ್ಲಿ ಬೀಜ ಮತ್ತು ಗೊಬ್ಬರಕ್ಕೆ ಹಣ ಇರಬೇಕು. ಹಣ ಹದಿನೈದು ದಿನ ತಡವಾಗಿ ಬಂದರೆ ಬೆಳೆ ಹದಿನೈದು ದಿನ ಕಾಯುವುದಿಲ್ಲ.

ಕೊಟ್ಟೂರು ಕಡೆಯ ಒಬ್ಬ ತರುಣ ರೈತರು ಕ್ಷೇತ್ರೋತ್ಸವವೊಂದರಲ್ಲಿ ನಮಗೆ ಹೇಳಿದ ಮಾತು ಇದು. ತಂದೆ ತೀರಿಕೊಂಡ ಮೇಲೆ ನಾಲ್ಕು ಎಕರೆ ಜಮೀನಿನ ಬೇಸಾಯ ಇವರ ಹೆಗಲಿಗೆ ಬಂತು. ಬಿತ್ತನೆಗೆ ಮುಂಚೆ ಬ್ಯಾಂಕಿನ ಶಾಖೆಯೊಂದಕ್ಕೆ ಹೋಗಿ ಬೆಳೆ ಸಾಲ ಕೇಳಿದರು. "ನಿಮ್ಮ ಹೆಸರಿನಲ್ಲಿ ಹಿಂದೆ ಸಾಲದ ವ್ಯವಹಾರವೇ ಇಲ್ಲ, ಪಹಣಿಯೂ ನಿಮ್ಮ ಹೆಸರಿಗಿಲ್ಲ" ಎಂಬ ಉತ್ತರ ಬಂತು. ಅವರು ಹಿಂತಿರುಗಿ ದಲಾಲಿ ಅಂಗಡಿಯಲ್ಲಿ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ ಹಣ ತಂದರು. ಹಣ ಸಾಲದೆ ಮೆಕ್ಕೆಜೋಳಕ್ಕೆ ಬಿತ್ತುವಾಗ ಕೊಡಬೇಕಾದ ಗೊಬ್ಬರವನ್ನು ಅರ್ಧಕ್ಕೆ ಇಳಿಸಿದರು. ರಂಜಕವನ್ನು ಬಿತ್ತುವಾಗಲೇ ಬೀಜದ ಸಾಲಿನ ಪಕ್ಕ ಕೊಡಬೇಕು, ಆಮೇಲೆ ಮೇಲುಗೊಬ್ಬರವಾಗಿ ಎರಚಿದರೆ ಅದರ ಫಲ ಸಿಗುವುದಿಲ್ಲ. ಹೀಗಾಗಿ ಇಳುವರಿ ಕುಗ್ಗಿತು. ಬಂದ ಕಾಳನ್ನೂ ಸಾಲ ಕೊಟ್ಟ ಅಂಗಡಿಗೇ, ಅವರು ಹೇಳಿದ ದರಕ್ಕೇ ಹಾಕಬೇಕಾಯಿತು.

ಲೇಖಕರು ಬೇಸಾಯ ಶಾಸ್ತ್ರದವರೇ ಹೊರತು ಬ್ಯಾಂಕಿನವರಲ್ಲ. ಆದರೆ ಸಕಾಲಕ್ಕೆ ಸಾಲ ಸಿಗದಿದ್ದರೆ ನಾವು ಮಾಡುವ ಯಾವ ಶಿಫಾರಸೂ ಹೊಲಕ್ಕೆ ಇಳಿಯುವುದಿಲ್ಲ ಎಂಬುದನ್ನು ವರ್ಷ ವರ್ಷವೂ ಕಾಣುತ್ತಿದ್ದೇವೆ. ಆದುದರಿಂದ ಮೊದಲ ಬಾರಿ ಸಾಲ ಕೇಳುವ ರೈತರು ಏನು ಸಿದ್ಧತೆ ಮಾಡಿಕೊಳ್ಳಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಸಾಲದ ಚರಿತ್ರೆ ಎಂದರೇನು?

ತುಂಗಭದ್ರೆಯ ಆಚೆ ದಡದ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತನದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ದೇಶದ ಸಹಕಾರ ಚಳವಳಿಯ ಮೊದಲ ಹೆಜ್ಜೆ ಎಂದು ಅದನ್ನು ಇಂದಿಗೂ ನೆನೆಯಲಾಗುತ್ತದೆ. ಆ ಕಾಲದ ಸಂಘಗಳಲ್ಲಿ ಸಾಲ ಕೇಳಿದವನು ಎಂಥವನು, ಕೊಟ್ಟ ಮಾತಿಗೆ ನಿಲ್ಲುವವನೇ ಎಂಬುದು ಊರಿಗೆಲ್ಲ ಗೊತ್ತಿರುತ್ತಿತ್ತು. ಊರವರ ಮಾತೇ ಅವನ ಚರಿತ್ರೆ.

1969ರಲ್ಲಿ ದೊಡ್ಡ ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. 1976ರಲ್ಲಿ ಬಳ್ಳಾರಿಯಲ್ಲಿ ತುಂಗಭದ್ರಾ ಗ್ರಾಮೀಣ ಬ್ಯಾಂಕು ಆರಂಭವಾಯಿತು. ಅದು ಹಲವು ವಿಲೀನಗಳ ನಂತರ 2025ರ ಮೇ 1ರಿಂದ ಬಳ್ಳಾರಿಯಲ್ಲಿಯೇ ಕೇಂದ್ರ ಕಚೇರಿ ಇರುವ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಭಾಗವಾಗಿದೆ. ಶಾಖೆಗಳು ಹೆಚ್ಚಿದವು, ಅಧಿಕಾರಿಗಳು ಊರಿಂದೂರಿಗೆ ವರ್ಗವಾಗತೊಡಗಿದರು. ಸಾಲಗಾರನನ್ನು ಮುಖತಃ ಬಲ್ಲವರು ಕಡಿಮೆಯಾದರು. ಆ ಜಾಗಕ್ಕೆ ಈಗ ಸಾಲ ಮಾಹಿತಿ ಕಂಪನಿಗಳ ವರದಿ ಬಂದಿದೆ.

2005ರ ಕಾಯ್ದೆಯಂತೆ ನಮ್ಮ ದೇಶದಲ್ಲಿ ಇಂಥ ನಾಲ್ಕು ಕಂಪನಿಗಳಿವೆ. ಅವುಗಳಲ್ಲಿ ಹಳೆಯದಾದ ಸಿಬಿಲ್‌ನ ಹೆಸರೇ ಹಳ್ಳಿಗಳಲ್ಲಿ ರೂಢಿಗೆ ಬಂದಿದೆ. ಯಾರು ಎಲ್ಲಿ ಎಷ್ಟು ಸಾಲ ಪಡೆದರು, ಗಡುವಿಗೆ ಕಟ್ಟಿದರೇ ಎಂಬ ವಿವರವನ್ನು ಬ್ಯಾಂಕುಗಳು ಈ ಕಂಪನಿಗಳಿಗೆ ಕಳುಹಿಸುತ್ತವೆ. ಅದರ ಆಧಾರದ ಮೇಲೆ 300ರಿಂದ 900ರವರೆಗೆ ಅಂಕ ಬರುತ್ತದೆ. ಅಂಕ ಹೆಚ್ಚಿದ್ದಷ್ಟೂ ಒಳ್ಳೆಯದು. ಹಿಂದೆ ಸಾಲವನ್ನೇ ಪಡೆಯದವರಿಗೆ ಅಂಕವೇ ಇರುವುದಿಲ್ಲ.

ಇಲ್ಲಿ ಒಂದು ವಿಷಯವನ್ನು ರೈತರು ಸ್ಪಷ್ಟವಾಗಿ ತಿಳಿದಿರಬೇಕು. ಚರಿತ್ರೆ ಇಲ್ಲದಿರುವುದು ಬೇರೆ, ಕೆಟ್ಟ ಚರಿತ್ರೆ ಇರುವುದು ಬೇರೆ. ಮೊದಲ ಬಾರಿ ಸಾಲ ಕೇಳುವವರ ಅರ್ಜಿಯನ್ನು ಸಾಲದ ಚರಿತ್ರೆ ಇಲ್ಲವೆಂಬ ಒಂದೇ ಕಾರಣಕ್ಕೆ ತಿರಸ್ಕರಿಸಬಾರದು ಎಂದು ರಿಸರ್ವ್ ಬ್ಯಾಂಕು 2025ರ ಜನವರಿಯ ನಿರ್ದೇಶನದಲ್ಲಿ ತಿಳಿಸಿದೆ. ಇದರ ಅರ್ಥ ಕೇಳಿದವರಿಗೆಲ್ಲ ಸಾಲ ಕೊಡಬೇಕೆಂದಲ್ಲ. ಬೇರೆ ಆಧಾರಗಳನ್ನು ನೋಡಿ ತೀರ್ಮಾನಿಸಬೇಕು ಎಂದರ್ಥ. ರೈತನ ಮಟ್ಟಿಗೆ ಆ ಆಧಾರ ಯಾವುದು? ಅವನ ಹೊಲ ಮತ್ತು ಹೊಲದ ಬೆಳೆ. ಅವು ಕಾಗದದ ಮೇಲೆ ಸರಿಯಾಗಿ ಕಾಣುವಂತೆ ಮಾಡಿಕೊಳ್ಳುವುದೇ ಮೊದಲ ಕೆಲಸ.

ಕಿಸಾನ್ ಕ್ರೆಡಿಟ್ ಕಾರ್ಡು

ಸಾಲದ ಚರಿತ್ರೆ ಇಲ್ಲದ ರೈತನಿಗೆ ಅತ್ಯಂತ ಸೂಕ್ತವಾದ ಬಾಗಿಲು ಕಿಸಾನ್ ಕ್ರೆಡಿಟ್ ಕಾರ್ಡು. ಈ ಯೋಜನೆ 1998ರಲ್ಲಿ ಆರಂಭವಾಯಿತು, 2012ರಲ್ಲಿ ಪರಿಷ್ಕೃತವಾಯಿತು. ಪೇಟೆಯವರು ಬಳಸುವ ಕ್ರೆಡಿಟ್ ಕಾರ್ಡಿಗೂ ಇದಕ್ಕೂ ಹೆಸರಿನಲ್ಲಿ ಮಾತ್ರ ಹೋಲಿಕೆ. ಇದು ಬೇಸಾಯದ ಖರ್ಚಿಗಾಗಿ ತೆರೆಯುವ ಸಾಲದ ಖಾತೆ. ಮಂಜೂರಾದ ಮಿತಿಯೊಳಗೆ ಬೇಕಾದಾಗ ಹಣ ತೆಗೆಯಬಹುದು, ಬೆಳೆ ಮಾರಿದ ಮೇಲೆ ಕಟ್ಟಬಹುದು, ಮತ್ತೆ ತೆಗೆಯಬಹುದು. ತೆಗೆದ ಹಣಕ್ಕೆ, ತೆಗೆದ ದಿನದಿಂದ ಮಾತ್ರ ಬಡ್ಡಿ.

ಬಡ್ಡಿಯ ಲೆಕ್ಕ ಹೀಗಿದೆ. 3 ಲಕ್ಷ ರೂಪಾಯಿವರೆಗಿನ ಅಲ್ಪಾವಧಿ ಬೆಳೆ ಸಾಲಕ್ಕೆ ಕೇಂದ್ರ ಸರ್ಕಾರದ ಸಹಾಯಧನದಿಂದಾಗಿ ಬಡ್ಡಿ ವರ್ಷಕ್ಕೆ ಶೇ. 7. ಗಡುವಿನೊಳಗೆ ಕಟ್ಟಿದವರಿಗೆ ಶೇ. 3 ಪ್ರೋತ್ಸಾಹ ಸಿಗುವುದರಿಂದ ನಿಜವಾದ ಹೊರೆ ಶೇ. 4 ಮಾತ್ರ. ಈ ಮಿತಿಯನ್ನು 5 ಲಕ್ಷಕ್ಕೆ ಏರಿಸುವುದಾಗಿ 2025-26ರ ಮುಂಗಡ ಪತ್ರದಲ್ಲಿ ಪ್ರಕಟಿಸಲಾಯಿತು. ಅರ್ಜಿ ಹಾಕುವ ದಿನ ಯಾವ ಮಿತಿ ಜಾರಿಯಲ್ಲಿದೆ ಎಂಬುದನ್ನು ಶಾಖೆಯಲ್ಲಿ ಕೇಳಿಕೊಳ್ಳಬೇಕು.

ಒಂದು ಲಕ್ಷ ರೂಪಾಯಿಯನ್ನು ಒಂದು ವರ್ಷ ಬಳಸಿದರೆ ಕಾರ್ಡಿನಲ್ಲಿ ಬಡ್ಡಿ 4,000 ರೂಪಾಯಿ. ಅದೇ ಹಣಕ್ಕೆ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಯ ಕೈಗಡದಲ್ಲಿ 36,000 ರೂಪಾಯಿ. ಉಳಿಯುವ 32,000 ರೂಪಾಯಿ ರೈತನ ಮನೆಯದಾಗಬೇಕೇ, ಸಾಹುಕಾರನದಾಗಬೇಕೇ ಎಂಬುದೇ ಇಲ್ಲಿನ ಪ್ರಶ್ನೆ.

ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ಸದಸ್ಯರಿಗೆ ಇನ್ನೂ ಹೆಚ್ಚಿನ ಅನುಕೂಲವಿದೆ. ರಾಜ್ಯ ಸರ್ಕಾರವು 2023-24ರ ಮುಂಗಡ ಪತ್ರದಲ್ಲಿ ಸಹಕಾರ ಸಂಘಗಳ ಬಡ್ಡಿರಹಿತ ಅಲ್ಪಾವಧಿ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಆದರೆ ಗಡುವು ತಪ್ಪಿದರೆ ಈ ರಿಯಾಯಿತಿ ಸಿಗದು. ಸಂಘದಲ್ಲಿ ಹಣದ ಲಭ್ಯತೆಗೆ ತಕ್ಕಂತೆ ಹೊಸ ಸದಸ್ಯರಿಗೆ ಸಾಲ ಸಿಗುವುದು ತಡವಾಗಬಹುದು. ಆದ್ದರಿಂದ ಇಂದೇ ಷೇರು ಹಣ ಕಟ್ಟಿ ಸದಸ್ಯರಾಗಿರುವುದು ಜಾಣತನ.

ಮೊದಲು ಪಹಣಿ ನೋಡಿಕೊಳ್ಳಿ

ಈ ಐದು ತಾಲ್ಲೂಕುಗಳಲ್ಲಿ ಅರ್ಜಿಗಳು ಹಿಂದಕ್ಕೆ ಬರಲು ಅಂಕಕ್ಕಿಂತ ದೊಡ್ಡ ಕಾರಣ ಪಹಣಿಯೇ ಎಂದು ನಮ್ಮ ಅನುಭವ. ಬ್ಯಾಂಕಿಗೆ ಹೋಗುವ ಮುನ್ನ ಪಹಣಿಯ ಮೂರು ಕಾಲಂಗಳನ್ನು ಓದಿಕೊಳ್ಳಬೇಕು.

(1) ಕಾಲಂ 9: ಇಲ್ಲಿ ಜಮೀನಿನ ಒಡೆಯರ ಹೆಸರು ಇರುತ್ತದೆ. ತಂದೆ ಅಥವಾ ಅಜ್ಜನ ಹೆಸರು ಇನ್ನೂ ಉಳಿದಿದ್ದರೆ ಮೊದಲು ಪೌತಿ ಖಾತೆ ಮಾಡಿಸಬೇಕು. ಮರಣ ಪ್ರಮಾಣ ಪತ್ರ, ವಂಶವೃಕ್ಷ ಮತ್ತು ಆಧಾರ್ ಪ್ರತಿಗಳೊಂದಿಗೆ ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಕಂದಾಯ ಇಲಾಖೆ 2025ರಲ್ಲಿ ಇ-ಪೌತಿ ಆಂದೋಲನವನ್ನೇ ಕೈಗೊಂಡಿತು. ನಿಮ್ಮ ಊರಿನ ಗ್ರಾಮ ಆಡಳಿತ ಅಧಿಕಾರಿಯನ್ನು ಕಂಡು ವಿಚಾರಿಸಬೇಕು. ಅಣ್ಣತಮ್ಮಂದಿರ ಹೆಸರು ಜಂಟಿಯಾಗಿದ್ದರೆ ಎಲ್ಲರ ಒಪ್ಪಿಗೆ ಬೇಕಾಗುತ್ತದೆ. ಸಾಧ್ಯವಿದ್ದರೆ ಹಿಸ್ಸೆ ಮಾಡಿಸಿಕೊಳ್ಳುವುದು ಉತ್ತಮ.

(2) ಕಾಲಂ 11: ಇಲ್ಲಿ ಜಮೀನಿನ ಮೇಲಿನ ಋಣ, ಅಂದರೆ ಸಾಲದ ಬೋಜಾ ನಮೂದಾಗಿರುತ್ತದೆ. ತಂದೆಯವರು ಎಂದೋ ತೀರಿಸಿದ ಸಾಲದ ಬೋಜಾ ಹಾಗೆಯೇ ಉಳಿದಿರುವುದು ಅಪರೂಪವಲ್ಲ. ಸಾಲ ಕೊಟ್ಟ ಸಂಸ್ಥೆಯಿಂದ ಬೇಬಾಕಿ ಪತ್ರ ಪಡೆದು ಬೋಜಾ ಇಳಿಸಿಕೊಳ್ಳಬೇಕು.

(3) ಕಾಲಂ 12: ಇಲ್ಲಿ ಸಾಗುವಳಿದಾರರ ಹೆಸರು ಮತ್ತು ಬೆಳೆಯ ವಿವರ ಇರುತ್ತದೆ. ಹೊಲದಲ್ಲಿ ಶೇಂಗಾ ಇದ್ದು ದಾಖಲೆಯಲ್ಲಿ ಮೆಕ್ಕೆಜೋಳ ಎಂದಿದ್ದರೆ ಸಾಲಕ್ಕೂ ತೊಂದರೆ, ಬೆಳೆ ವಿಮೆಗೂ ತೊಂದರೆ. ಪ್ರತಿ ಹಂಗಾಮಿನ ಬೆಳೆ ಸಮೀಕ್ಷೆಯಲ್ಲಿ ಸ್ವತಃ ರೈತರೇ ಮೊಬೈಲಿನ ಮೂಲಕ ವಿವರ ಕೊಡಲು ಅವಕಾಶವಿದೆ. ಅದನ್ನು ಬಿಡಬಾರದು.

ಇದರೊಂದಿಗೆ ರೈತ ಸಂಪರ್ಕ ಕೇಂದ್ರದಲ್ಲಿ ಫ್ರೂಟ್ಸ್ ತಂತ್ರಾಂಶದಡಿ ನೋಂದಣಿ ಮಾಡಿಸಿ, ನಿಮ್ಮ ಎಲ್ಲ ಸರ್ವೆ ನಂಬರುಗಳೂ ಅದರಲ್ಲಿ ಸೇರಿವೆಯೇ ಎಂದು ನೋಡಿಕೊಳ್ಳಬೇಕು. ಆ ನೋಂದಣಿ ಸಂಖ್ಯೆಯನ್ನು ಸಾಲ, ವಿಮೆ, ಸಹಾಯಧನ ಎಲ್ಲಕ್ಕೂ ಕೇಳುತ್ತಾರೆ.

ನಮ್ಮ ಭಾಗದ ಕಾಗದಗಳಲ್ಲಿ ಇನ್ನೊಂದು ಗೊಂದಲವಿದೆ. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು, ಅನಂತರ ಬಳ್ಳಾರಿಗೆ ಮರಳಿತು. ಕೊಟ್ಟೂರು ಮೊದಲು ಕೂಡ್ಲಿಗಿ ತಾಲ್ಲೂಕಿನಲ್ಲಿತ್ತು. 2021ರಲ್ಲಿ ಈ ಐದೂ ತಾಲ್ಲೂಕುಗಳು ಹೊಸ ವಿಜಯನಗರ ಜಿಲ್ಲೆಗೆ ಸೇರಿದವು. ಆದುದರಿಂದ ಹಳೆಯ ಪತ್ರಗಳಲ್ಲಿ ಬೇರೆ ತಾಲ್ಲೂಕು, ಬೇರೆ ಜಿಲ್ಲೆಯ ಹೆಸರಿರುತ್ತದೆ. ಗ್ರಾಮ ಮತ್ತು ಸರ್ವೆ ನಂಬರು ಹೊಂದಿಕೆಯಾದರೆ ಗಾಬರಿಪಡಬೇಕಾಗಿಲ್ಲ. ಆದರೆ ಆಧಾರ್, ಪಹಣಿ ಮತ್ತು ಬ್ಯಾಂಕ್ ಖಾತೆಯಲ್ಲಿ ನಿಮ್ಮ ಹೆಸರು ಒಂದೇ ರೀತಿ ಇರಬೇಕು. ಒಂದರಲ್ಲಿ ಕೊಟ್ರಪ್ಪ, ಇನ್ನೊಂದರಲ್ಲಿ ಕೊಟ್ರೇಶಪ್ಪ ಎಂದಿದ್ದರೆ ಅಲ್ಲಿಯೇ ಅರ್ಜಿ ನಿಲ್ಲುತ್ತದೆ.

ಎಷ್ಟು ಸಾಲ ಸಿಗುತ್ತದೆ?

ಸಾಲದ ಮೊತ್ತ ಅಧಿಕಾರಿಯ ಇಚ್ಛೆಯ ಮೇಲೆ ನಿಂತಿಲ್ಲ. ಪ್ರತಿ ಬೆಳೆಗೂ ಎಕರೆಗೆ ಎಷ್ಟು ಸಾಲ ಎಂಬ ಪ್ರಮಾಣವನ್ನು ಜಿಲ್ಲಾ ಮಟ್ಟದ ತಾಂತ್ರಿಕ ಸಮಿತಿ ನಿಗದಿಪಡಿಸುತ್ತದೆ. 2012ರ ಪರಿಷ್ಕೃತ ಯೋಜನೆಯ ಲೆಕ್ಕದಂತೆ ಒಂದು ಉದಾಹರಣೆ ನೋಡೋಣ. ಒಂದು ಬೆಳೆಗೆ ಎಕರೆಗೆ 20,000 ರೂಪಾಯಿ ನಿಗದಿಯಾಗಿದೆ ಎಂದು ಇಟ್ಟುಕೊಳ್ಳಿ. ಇದು ಲೆಕ್ಕಕ್ಕಾಗಿ ತೆಗೆದುಕೊಂಡ ಅಂಕಿಯೇ ಹೊರತು ನಿಜವಾದ ದರವಲ್ಲ.

ನಾಲ್ಕು ಎಕರೆ ಬೆಳೆಗೆ: 80,000 ರೂಪಾಯಿ
ಕೊಯ್ಲಿನ ನಂತರದ ಮತ್ತು ಮನೆಯ ಖರ್ಚಿಗೆ ಶೇ. 10: 8,000 ರೂಪಾಯಿ
ಬೇಸಾಯದ ಸಲಕರಣೆಗಳ ದುರಸ್ತಿ, ನಿರ್ವಹಣೆಗೆ ಶೇ. 20: 16,000 ರೂಪಾಯಿ
ಮೊದಲ ವರ್ಷದ ಮಿತಿ: 1,04,000 ರೂಪಾಯಿ

ಇದಕ್ಕೆ ವಿಮೆಯ ಕಂತು ಸೇರುತ್ತದೆ. ಮುಂದಿನ ಪ್ರತಿ ವರ್ಷ ಶೇ. 10ರಂತೆ ಮಿತಿ ಏರುತ್ತದೆ. ಮೇಲಿನ ಲೆಕ್ಕದಲ್ಲಿ ವಿಮೆ ಬಿಟ್ಟು ಎರಡನೆಯ ವರ್ಷ 1,14,400, ಐದನೆಯ ವರ್ಷ ಸುಮಾರು 1,52,000 ರೂಪಾಯಿ ಆಗುತ್ತದೆ. 2025ರ ಜನವರಿ 1ರಿಂದ 2 ಲಕ್ಷ ರೂಪಾಯಿವರೆಗಿನ ಕೃಷಿ ಸಾಲಕ್ಕೆ ಜಮೀನಿನ ಅಡಮಾನವಾಗಲಿ ಬೇರೆ ಆಧಾರವಾಗಲಿ ಕೇಳಬಾರದು ಎಂಬ ನಿಯಮವಿದೆ. ಅಂದರೆ ನಾಲ್ಕು ಎಕರೆಯ ಈ ರೈತರು ಐದು ವರ್ಷವೂ ಅಡಮಾನವಿಲ್ಲದೆ ವ್ಯವಹರಿಸಬಹುದು.

ಹೂವಿನಹಡಗಲಿಯ ಮಲ್ಲಿಗೆ, ಹಗರಿಬೊಮ್ಮನಹಳ್ಳಿ ಕಡೆಯ ದಾಳಿಂಬೆಯಂಥ ತೋಟಗಾರಿಕೆ ಬೆಳೆಗಳಿಗೂ ಈ ಸೌಲಭ್ಯ ಅನ್ವಯಿಸುತ್ತದೆ. 2018-19ರಿಂದ ಹೈನುಗಾರಿಕೆ, ಕುರಿ ಸಾಕಣೆ ಮತ್ತು ಮೀನುಗಾರಿಕೆಯ ದಿನನಿತ್ಯದ ಖರ್ಚಿಗೂ ಕಾರ್ಡು ವಿಸ್ತರಣೆಯಾಗಿದೆ. ಕುರಿ ಸಾಕುವವರು ಹೆಚ್ಚಾಗಿರುವ ಕೂಡ್ಲಿಗಿ, ಹರಪನಹಳ್ಳಿ ಕಡೆಯವರು ಇದನ್ನು ಗಮನಿಸಬೇಕು.

ಅರ್ಜಿ ಕೊಡುವ ಕ್ರಮ

ಬಿತ್ತನೆಯ ಗದ್ದಲದಲ್ಲಿ ಬ್ಯಾಂಕಿಗೆ ಓಡಬಾರದು. ಮಾಗಿ ಉಳುಮೆಯ ಹೊತ್ತಿಗೇ ಕಾಗದಗಳನ್ನು ಸರಿಪಡಿಸಿ ಫೆಬ್ರುವರಿ ಅಥವಾ ಮಾರ್ಚ್‌ನಲ್ಲಿ ಅರ್ಜಿ ಕೊಟ್ಟರೆ ಜೂನ್ ಮಳೆಗೆ ಹಣ ಕೈಯಲ್ಲಿರುತ್ತದೆ. ಪಿಎಂ-ಕಿಸಾನ್ ಹಣ ಬರುವ ಖಾತೆ ಯಾವ ಶಾಖೆಯಲ್ಲಿದೆಯೋ ಅಲ್ಲಿಯೇ ಮೊದಲು ಕೇಳುವುದು ಸೂಕ್ತ. ಆ ಫಲಾನುಭವಿಗಳಿಗಾಗಿ 2020ರಲ್ಲಿ ಒಂದೇ ಪುಟದ ಸರಳ ಅರ್ಜಿ ನಮೂನೆ ಜಾರಿಗೆ ಬಂತು.

ಅರ್ಜಿ ಕೊಟ್ಟಾಗ ದಿನಾಂಕ ಸಹಿತ ಸ್ವೀಕೃತಿ ಪಡೆಯಲು ಮರೆಯಬಾರದು. ಎಲ್ಲ ದಾಖಲೆಗಳೊಂದಿಗೆ ಪೂರ್ಣವಾದ ಅರ್ಜಿ ತಲುಪಿದ ಎರಡು ವಾರದೊಳಗೆ ಕಾರ್ಡು ಕೊಡಬೇಕೆಂದು ಬ್ಯಾಂಕುಗಳಿಗೆ 2019ರಲ್ಲಿ ಸೂಚಿಸಲಾಗಿದೆ. ಅದೇ ವರ್ಷ 3 ಲಕ್ಷದವರೆಗಿನ ಸಾಲಕ್ಕೆ ಪರಿಶೀಲನಾ ಶುಲ್ಕ, ದಾಖಲಾತಿ ಶುಲ್ಕ ಮುಂತಾದವನ್ನು ಕೈಬಿಡಲು ತಿಳಿಸಲಾಯಿತು. ಆದುದರಿಂದ ಸಾಲ ಮಾಡಿಸಿಕೊಡುತ್ತೇನೆಂದು ಹಣ ಕೇಳುವ ಮಧ್ಯವರ್ತಿಗಳನ್ನು ದೂರವಿಡಿ.

ಅರ್ಜಿ ತಿರಸ್ಕೃತವಾದರೆ ಜಗಳಕ್ಕೆ ನಿಲ್ಲದೆ ಕಾರಣವನ್ನು ಬರವಣಿಗೆಯಲ್ಲಿ ಕೇಳಬೇಕು. ಕಾರಣ ಪಹಣಿಯದಾದರೆ ಸರಿಪಡಿಸಬಹುದು. ಚರಿತ್ರೆ ಇಲ್ಲವೆಂಬುದೇ ಕಾರಣವಾದರೆ ರಿಸರ್ವ್ ಬ್ಯಾಂಕಿನ ನಿರ್ದೇಶನವನ್ನು ನೆನಪಿಸಿ ಶಾಖಾ ವ್ಯವಸ್ಥಾಪಕರಿಗೆ ಲಿಖಿತ ಮನವಿ ಕೊಡಬೇಕು, ಜಿಲ್ಲೆಯ ಲೀಡ್ ಬ್ಯಾಂಕ್ ವ್ಯವಸ್ಥಾಪಕರಿಗೂ ಪ್ರತಿ ಸಲ್ಲಿಸಬೇಕು. ಬ್ಯಾಂಕಿನಿಂದ 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಮಾಹಿತಿಗೆ 14448 ಸಂಖ್ಯೆಗೆ ದೂರವಾಣಿ ಮಾಡಬಹುದು.

ನಿಮ್ಮ ಹೆಸರಿನ ವರದಿಯನ್ನು ಪ್ರತಿ ಸಾಲ ಮಾಹಿತಿ ಕಂಪನಿಯಿಂದ ವರ್ಷಕ್ಕೊಮ್ಮೆ ಉಚಿತವಾಗಿ ಪಡೆಯಬಹುದು. ಒಂದೇ ಹೆಸರಿನವರು ಹಲವರಿರುವ ನಮ್ಮ ಹಳ್ಳಿಗಳಲ್ಲಿ ಬೇರೊಬ್ಬರ ಸುಸ್ತಿ ನಿಮ್ಮ ಲೆಕ್ಕಕ್ಕೆ ಸೇರಿರಬಹುದು. ಅಂಥ ತಪ್ಪನ್ನು ತಿಳಿಸಿದ 30 ದಿನಗಳೊಳಗೆ ದೂರು ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡುವ ನಿಯಮ 2024ರಿಂದ ಜಾರಿಯಲ್ಲಿದೆ.

ಪಾಲುದಾರರು ಮತ್ತು ರೈತ ಮಹಿಳೆಯರು

ಕೋರು ಪಾಲಿಗೆ ಮಾಡುವವರು, ಬಾಯಿಮಾತಿನ ಗುತ್ತಿಗೆಯವರು ಸಹ ಕಿಸಾನ್ ಕ್ರೆಡಿಟ್ ಕಾರ್ಡಿಗೆ ಅರ್ಹರು ಎಂದು ಯೋಜನೆಯಲ್ಲಿಯೇ ಇದೆ. ಆದರೆ ಅವರ ಹೆಸರಿನಲ್ಲಿ ಕಾಗದ ಇರುವುದಿಲ್ಲ. ಇಂಥವರು ನಾಲ್ಕರಿಂದ ಹತ್ತು ಜನ ಸೇರಿ ಜಂಟಿ ಬಾಧ್ಯತಾ ಗುಂಪು ಕಟ್ಟಿಕೊಂಡು ಸಾಲ ಕೇಳಬಹುದು. ಒಬ್ಬರಿಗೊಬ್ಬರು ಹೊಣೆಯಾಗುವುದರಿಂದ ಒಂದೇ ಊರಿನ, ಪರಸ್ಪರ ಬಲ್ಲವರನ್ನು ಮಾತ್ರ ಸೇರಿಸಿಕೊಳ್ಳಬೇಕು.

ಮಹಿಳೆಯರಿಗೆ ಸ್ವಸಹಾಯ ಸಂಘ ಒಳ್ಳೆಯ ಮೆಟ್ಟಿಲು. ಸಂಘಗಳಿಗೆ ಬ್ಯಾಂಕ್ ಸಾಲ ಜೋಡಿಸುವ ನಬಾರ್ಡ್ ಕಾರ್ಯಕ್ರಮ 1992ರಿಂದ ನಡೆದು ಬಂದಿದೆ. ವಾರದ ಉಳಿತಾಯ, ನಡಾವಳಿ ಪುಸ್ತಕ, ಸಕಾಲದ ಮರುಪಾವತಿ ಇವೇ ಆ ಸಂಘದ ಚರಿತ್ರೆ. ಆದರೆ ಏಕಕಾಲಕ್ಕೆ ಎರಡು ಮೂರು ಕಿರುಸಾಲ ಕಂಪನಿಗಳಿಂದ ಸಾಲ ತಂದು ಒಂದನ್ನು ಇನ್ನೊಂದರಿಂದ ತೀರಿಸುವ ಪದ್ಧತಿ ಅಪಾಯಕಾರಿ. ಆ ಕಂತುಗಳೂ ಸಾಲ ಮಾಹಿತಿ ಕಂಪನಿಗಳಿಗೆ ಹೋಗುತ್ತವೆ. ಹೆಂಡತಿಯ ಹೆಸರಿನಲ್ಲಿ ತಪ್ಪಿದ ಕಂತು ನಾಳೆ ಆಕೆಯ ಸ್ವಂತ ಬೆಳೆ ಸಾಲಕ್ಕೆ ಅಡ್ಡಿಯಾಗುತ್ತದೆ.

ಮೊದಲ ಸಾಲವನ್ನು ಬಳಸುವ ಬಗೆ

ಕಾರ್ಡು ಕೈಗೆ ಬಂದ ದಿನವೇ ಪೂರ್ತಿ ಹಣ ತೆಗೆಯಬಾರದು. ಬೆಳೆಗೆ ಯಾವ ಹೊತ್ತಿಗೆ ಏನು ಬೇಕೋ ಆ ಹೊತ್ತಿಗೆ ಅಷ್ಟೇ ತೆಗೆಯಬೇಕು. ಮೆಕ್ಕೆಜೋಳಕ್ಕೆ ಬಿತ್ತುವಾಗ ಬೀಜ ಮತ್ತು ತಳಗೊಬ್ಬರ, ಸುಮಾರು 30 ದಿನಕ್ಕೆ ಕಳೆ ತೆಗೆಸಿ ಮೇಲುಗೊಬ್ಬರ, ಕೊನೆಗೆ ಕೊಯ್ಲು ಮತ್ತು ಒಕ್ಕಣೆ ಎಂದು ಮೂರು ಸಲ ತೆಗೆದರೆ ಸಾಕು. ಶೇಂಗಾಕ್ಕೆ ಬಿತ್ತನೆ ಬೀಜದ ಖರ್ಚೇ ದೊಡ್ಡದು. ಅನಂತರ ಹೂ ಬಿಡುವ ಹೊತ್ತಿಗೆ ಎಕರೆಗೆ 200 ಕಿಲೋ ಜಿಪ್ಸಂ ಹಾಕಿ ಮಣ್ಣು ಏರಿಸಲು ಸ್ವಲ್ಪ ಹಣ ಕಾದಿರಿಸಬೇಕು. ಬೆಳೆ ಸಾಲದಲ್ಲಿ ಮೋಟಾರು ಸೈಕಲ್ಲು ಕೊಂಡರೆ ಕೊಯ್ಲಿನ ಹೊತ್ತಿಗೆ ಸಾಲ ಇರುತ್ತದೆ, ಬೆಳೆ ಇರುವುದಿಲ್ಲ.

ತೀರಿಸುವ ಗಡುವನ್ನು ಬೆಳೆಗೆ ತಕ್ಕಂತೆ ಗೊತ್ತು ಮಾಡಿಕೊಳ್ಳಬೇಕು. ಮುಂಗಾರಿ ಮೆಕ್ಕೆಜೋಳ, ಈರುಳ್ಳಿ ಬೆಳೆಯುವವರಿಗೆ ಹಣ ಬರುವುದು ದಸರೆ, ದೀಪಾವಳಿಯ ಆಚೀಚೆ. ಮಲ್ಲಿಗೆ ಬೆಳೆಗಾರರ ಸ್ಥಿತಿ ಬೇರೆ. ಹೂವಿನ ಕಾಲದಲ್ಲಿ ಅವರಿಗೆ ದಿನವೂ ಕಾಸು ಕೈಸೇರುತ್ತದೆ. ಅವರು ವಾರಕ್ಕೊಮ್ಮೆ ಖಾತೆಗೆ ಕಟ್ಟುತ್ತಾ ಹೋದರೆ ಬಡ್ಡಿಯೂ ಇಳಿಯುತ್ತದೆ, ಖಾತೆಯ ವಹಿವಾಟೂ ಚೆನ್ನಾಗಿ ಕಾಣುತ್ತದೆ. ಶೇ. 3ರ ಪ್ರೋತ್ಸಾಹ ಸಿಗಬೇಕಾದರೆ ಬ್ಯಾಂಕು ಗೊತ್ತುಪಡಿಸಿದ ಗಡುವಿನೊಳಗೆ, ಹೆಚ್ಚೆಂದರೆ ಹಣ ಪಡೆದ ಒಂದು ವರ್ಷದೊಳಗೆ ಕಟ್ಟಿರಬೇಕು. ಗಡುವಿನ ದಿನವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ದರ ಬಿದ್ದಿರುವಾಗ ಸಾಲದ ಗಡುವಿಗೆ ಹೆದರಿ ಕಾಳು ಮಾರಬೇಕಾಗಿಲ್ಲ. ಕಾರ್ಡು ಹೊಂದಿರುವ ಸಣ್ಣ ಮತ್ತು ಅತಿ ಸಣ್ಣ ರೈತರು ಮಾನ್ಯತೆ ಪಡೆದ ಉಗ್ರಾಣದಲ್ಲಿ ಮಾಲು ಇಟ್ಟು, ಆ ರಸೀದಿಯ ಮೇಲೆ ಆರು ತಿಂಗಳವರೆಗೆ ರಿಯಾಯಿತಿ ಬಡ್ಡಿಯ ಸಾಲ ಪಡೆಯಲು ಅವಕಾಶವಿದೆ.

ಇನ್ನು ಮಾಡಬಾರದ ಕೆಲಸಗಳು ಕೆಲವಿವೆ:

(1) ಒಂದೇ ಸರ್ವೆ ನಂಬರಿನ ಮೇಲೆ ಸಂಘದಲ್ಲೂ ಬ್ಯಾಂಕಿನಲ್ಲೂ ಬೆಳೆ ಸಾಲ ಪಡೆಯಬಾರದು.
(2) ದಾಕ್ಷಿಣ್ಯಕ್ಕೆ ಯಾರಿಗೋ ಜಾಮೀನು ಸಹಿ ಹಾಕಬಾರದು. ಅವರು ಕಟ್ಟದಿದ್ದರೆ ಅದು ನಿಮ್ಮ ವರದಿಯಲ್ಲಿಯೂ ಕಾಣುತ್ತದೆ.
(3) ಚಿನ್ನದ ಸಾಲವೂ ಚರಿತ್ರೆಯ ಭಾಗ. ಒಡವೆ ಇದ್ದೇ ಇದೆಯಲ್ಲ ಎಂದು ಗಡುವು ಮೀರಿಸಬಾರದು.
(4) ಸಾಲ ಮನ್ನಾ ಆಗಬಹುದೆಂದು ಕಾಯುತ್ತ ಕಟ್ಟುವುದನ್ನು ನಿಲ್ಲಿಸಬಾರದು. 2008ರಲ್ಲಿ, 2018ರಲ್ಲಿ ಮನ್ನಾ ಆದದ್ದು ನಿಜ. ಆದರೆ ಆಗುವುದೋ ಇಲ್ಲವೋ ಎಂಬ ಮನ್ನಾಕ್ಕೆ ಕಾದು ಗಡುವು ತಪ್ಪಿಸಿದವರು ಬಡ್ಡಿ ರಿಯಾಯಿತಿಯನ್ನೂ ಮುಂದಿನ ವರ್ಷದ ಸಾಲವನ್ನೂ ಕಳೆದುಕೊಳ್ಳುತ್ತಾರೆ.
(5) ಅಸಲಿಗಿಂತ ಕಡಿಮೆ ಕಟ್ಟಿ ರಾಜಿ ಮಾಡಿಕೊಂಡ ಸಾಲ ಪೂರ್ತಿ ತೀರಿದ ಸಾಲಕ್ಕೆ ಸಮವಲ್ಲ. ವರದಿಯಲ್ಲಿ ಅದು ರಾಜಿ ಎಂದೇ ದಾಖಲಾಗುತ್ತದೆ.

ಮಳೆ ಕೈಕೊಟ್ಟರೆ?

ಇದು ಸುಳ್ಳು ಭಯವಲ್ಲ. 2023ರ ಮುಂಗಾರಿನಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಮಳೆಯಾಶ್ರಿತ ಬೇಸಾಯದಲ್ಲಿ ಸಾಲ ಪಡೆಯುವವರು ಬೆಳೆ ವಿಮೆಯನ್ನು ಬಿಡಬಾರದು. 2016ರಿಂದ ಇರುವ ಫಸಲ್ ಬಿಮಾ ಯೋಜನೆಯಲ್ಲಿ ರೈತರ ಪಾಲಿನ ಕಂತು ಮುಂಗಾರು ಆಹಾರ ಮತ್ತು ಎಣ್ಣೆಕಾಳು ಬೆಳೆಗೆ ವಿಮಾ ಮೊತ್ತದ ಹೆಚ್ಚೆಂದರೆ ಶೇ. 2, ಹಿಂಗಾರಿಗೆ ಶೇ. 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಶೇ. 5. 2020ರಿಂದ ಸಾಲಗಾರರಿಗೂ ವಿಮೆ ಐಚ್ಛಿಕವಾಗಿದೆ. ಆದುದರಿಂದ ನಿಮ್ಮ ಬೆಳೆಗೆ ಕಂತು ಹೋಗಿದೆಯೇ, ಬೆಳೆಯ ಹೆಸರು ಸರಿಯಿದೆಯೇ ಎಂದು ಶಾಖೆಯಲ್ಲಿ ಕೇಳಿ ತಿಳಿಯಬೇಕು. ಆಲಿಕಲ್ಲು ಮಳೆಯಂಥ ಸ್ಥಳೀಯ ಹಾನಿಯಾದರೆ 72 ಗಂಟೆಗಳೊಳಗೆ ತಿಳಿಸಬೇಕು.

ಬರ ಘೋಷಣೆಯಾದಾಗ ಬ್ಯಾಂಕಿಗೆ ಮುಖ ತಪ್ಪಿಸಿಕೊಂಡು ತಿರುಗುವುದು ತಪ್ಪು. ಬೆಳೆ ಹಾನಿ ಶೇ. 33ಕ್ಕಿಂತ ಹೆಚ್ಚಾದ ಕಡೆ ಬೆಳೆ ಸಾಲವನ್ನು ಅವಧಿ ಸಾಲವಾಗಿ ಪರಿವರ್ತಿಸಿ ಗಡುವು ಮುಂದೂಡಲು ಬ್ಯಾಂಕುಗಳಿಗೆ ಅವಕಾಶವಿದೆ. ಸಾಲ ಸುಸ್ತಿಯಾಗುವ ಮುನ್ನವೇ ಲಿಖಿತ ಅರ್ಜಿ ಕೊಟ್ಟು ಇದನ್ನು ಕೇಳಿಕೊಳ್ಳಬೇಕು. ಹೀಗೆ ಮಾಡಿದವರ ಖಾತೆ ಕೆಡದೆ ಉಳಿಯುತ್ತದೆ.

ಪೇಟೆಯ ಕ್ರೆಡಿಟ್ ಕಾರ್ಡು ಬೇಕೇ?

ಓದಿದ ತರುಣರು ಈ ಪ್ರಶ್ನೆಯನ್ನೂ ಕೇಳುತ್ತಾರೆ. ತಿಂಗಳ ಸಂಬಳವೂ ಸಾಲದ ಚರಿತ್ರೆಯೂ ಇಲ್ಲದವರಿಗೆ ಆ ಕಾರ್ಡು ಸಿಗುವುದು ಕಷ್ಟ. ಕೆಲವು ಬ್ಯಾಂಕುಗಳು ಮುದ್ದತ್ತು ಠೇವಣಿಯ ಆಧಾರದ ಮೇಲೆ ಕಾರ್ಡು ಕೊಡುತ್ತವೆ. ಸಣ್ಣ ಖರ್ಚಿಗೆ ಬಳಸಿ ಪ್ರತಿ ತಿಂಗಳೂ ಪೂರ್ತಿ ಬಾಕಿ ಕಟ್ಟುವವರಿಗೆ ಅದರಿಂದ ಚರಿತ್ರೆ ಬೆಳೆಯುತ್ತದೆ. ಆದರೆ ಬಾಕಿ ಉಳಿಸಿಕೊಂಡರೆ ಬಡ್ಡಿ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ದಾಟುವುದುಂಟು. ಆಗ ಸಾಹುಕಾರನ ಸಾಲಕ್ಕೂ ಅದಕ್ಕೂ ವ್ಯತ್ಯಾಸವಿಲ್ಲ. ಬೆಳೆಯ ಹಣ ಆರು ತಿಂಗಳಿಗೊಮ್ಮೆ ಬರುತ್ತದೆ, ಆ ಕಾರ್ಡಿನ ಬಿಲ್ಲು ತಿಂಗಳಿಗೊಮ್ಮೆ ಬರುತ್ತದೆ. ಇವೆರಡಕ್ಕೂ ಹೊಂದಿಕೆಯಾಗದು. ಆದುದರಿಂದ ಬೀಜ, ಗೊಬ್ಬರಕ್ಕೆ ಕಿಸಾನ್ ಕಾರ್ಡೇ ಸರಿ.

ಕೊನೆಯ ಮಾತು

ಮೇಲೆ ಹೇಳಿದ ಕೊಟ್ಟೂರು ಕಡೆಯ ರೈತರು ಆ ಬೇಸಿಗೆಯಲ್ಲಿ ಪೌತಿ ಖಾತೆಗೆ ಅರ್ಜಿ ಕೊಟ್ಟರು. ಹೆಸರು ಬದಲಾಗಿ ಬಂದ ಮೇಲೆ ಊರಿನ ಸಂಘದಲ್ಲಿ ಷೇರು ಪಡೆದರು, ಮರು ವರ್ಷ ಒಂದು ಚಿಕ್ಕ ಬೆಳೆ ಸಾಲ ಸಿಕ್ಕಿತು. ಮೊತ್ತ ಬೇಕಾದಷ್ಟು ಇರಲಿಲ್ಲ, ಅರ್ಧ ಖರ್ಚಿಗೆ ಮತ್ತೆ ಕೈಗಡವೇ ಆಯಿತು. ಆದರೆ ಸಂಘದ ಸಾಲವನ್ನು ಗಡುವಿಗೆ ಎಂಟು ದಿನ ಮೊದಲೇ ಕಟ್ಟಿದರು. ಈಗ ಅವರ ಹೆಸರಿನಲ್ಲಿ ಒಂದು ವರ್ಷದ ಚರಿತ್ರೆ ಇದೆ.

ಬೀಜದ ಕಾಳು ಚಿಕ್ಕದು. ಸರಿಯಾದ ಹದದಲ್ಲಿ ಬಿತ್ತಿದರೆ ತೆನೆ ತಾನಾಗಿ ಬರುತ್ತದೆ. ಸಾಲದ ವಿಷಯದಲ್ಲಿಯೂ ಅಷ್ಟೇ. ಪಹಣಿ ಸರಿಪಡಿಸಿ, ಚಿಕ್ಕದಾಗಿ ಆರಂಭಿಸಿ, ಬೆಳೆಗೇ ಬಳಸಿ, ಗಡುವಿಗೆ ತೀರಿಸಿ. ರೈತ ಬಾಂಧವರು ಈ ಸಲದ ಮಾಗಿ ಉಳುಮೆ ಮುಗಿಸುವುದರೊಳಗೆ ಒಮ್ಮೆ ತಮ್ಮ ಪಹಣಿಯನ್ನು ತೆಗೆಸಿ ಓದಿ ನೋಡಬೇಕೆಂದು ಕೋರುತ್ತೇವೆ.